ಸೈರನ್ ಕೂಗಿದರೆ ಓಡಬಾರದೆಂದು ಮುಚ್ಚಳಿಕೆ ಕೇಳಿದ ಕಾರ್ಯದರ್ಶಿಯವರಿಗೆ

ವಾಡಿ ಜಂಕ್ಷನ್,
ಡಿಸೆಂಬರ್ ೧೯೭೮

ವಲಯ ಬಾಸ್ಕೆಟ್‌ಬಾಲ್ ನಿರ್ಣಾಯಕ ಸಮಿತಿಯ ಕಾರ್ಯದರ್ಶಿ ಸಾಹೇಬರೇ,

ತಮ್ಮ ಸಮಿತಿ ಹದಿನೈದು ವರ್ಷದ ಒಬ್ಬ ಹುಡುಗಿಯಿಂದ ಮುಚ್ಚಳಿಕೆ ಬರೆಸಿಕೊಳ್ಳಲು ಹೊರಟಿದೆ. ಆಟದ ನಡುವೆ ಸೈರನ್ ಕೂಗಿದರೂ ತಾನು ಅಂಗಣ ಬಿಟ್ಟು ಓಡುವುದಿಲ್ಲ ಎಂದು ಆಕೆ ಸಹಿ ಮಾಡಬೇಕು. ಮಾಡದಿದ್ದರೆ ಜಿಲ್ಲಾ ತಂಡದ ಆಯ್ಕೆಯಿಂದ ಆಕೆಯ ಹೆಸರು ಹೋಗುತ್ತದೆ. ಹುಡುಗಿಯ ಹೆಸರು ಅನಸುಬಾಯಿ. ಆಕೆ ಸಹಿ ಮಾಡಿಲ್ಲ. ಆಕೆ ಯಾಕೆ ಓಡಿದಳು ಎಂದು ಸಮಿತಿಯಲ್ಲಿ ಒಬ್ಬರಾದರೂ ಬಾಯಿಬಿಟ್ಟು ಕೇಳಿದ್ದರೆ ನಾನು ಹೀಗೆ ಪತ್ರಿಕೆಯಲ್ಲಿ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆಕೆ ಓಡಿದ ಪಂದ್ಯದ ರೆಫರಿ ನಾನೇ. ನನಗೂ ಒಂದು ನೋಟೀಸು ಬಂದಿದೆ. ಅದಕ್ಕೆ ಉತ್ತರವನ್ನು ಆಗಲೇ ಅಂಚೆಗೆ ಹಾಕಿದ್ದೇನೆ, ತಾವು ಓದಿದ ಲಕ್ಷಣ ಕಾಣಲಿಲ್ಲ. ಪತ್ರಿಕೆಯನ್ನಾದರೂ ಚಹದ ಜೊತೆ ತಿರುವಿಹಾಕುತ್ತೀರಿ ಎಂದು ಕೇಳಿ ಬಲ್ಲೆ.

ನಾನು ವಾಡಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವನು. ಹುಡುಗನಾಗಿದ್ದಾಗ ಶಹಾಬಾದಿನ ಕಾರ್ಖಾನೆ ಕಾಲೊನಿಯಲ್ಲಿ ಆಟ ಕಲಿತೆ, ಮೊಣಕಾಲು ಕೆಟ್ಟ ಮೇಲೆ ಸೀಟಿ ಹಿಡಿದೆ. ರಜೆ ಹಾಕಿ ಸೇಡಂ, ಚಿತ್ತಾಪುರ, ಚಿಂಚೋಳಿ ಎಂದು ಬಸ್ಸಿನಲ್ಲಿ ನಿಂತುಕೊಂಡೇ ತಿರುಗಿದ್ದೇನೆ. ಈ ಪಂದ್ಯಾವಳಿಗೆಂದೇ ಹೈದರಾಬಾದಿನಿಂದ ಹೊಸ ಸೀಟಿ ತರಿಸಿದೆ, ಹಳೆಯದರ ಒಳಗಿನ ಗುಂಡು ಉದುರಿಹೋಗಿತ್ತು. ಇಂಥ ನನ್ನನ್ನು ತಮ್ಮ ನೋಟೀಸು ‘ಅನುಕಂಪಕ್ಕೆ ಒಳಗಾಗಿ ನಿಯಮವನ್ನು ಸಡಿಲಿಸಿದ ರೆಫರಿ’ ಎಂದು ಕರೆದಿದೆ. ಅಯ್ಯೋ ದೇವರೇ, ಈ ಮಾತು ನನ್ನ ಅಕ್ಕ ಮಹಾದೇವಮ್ಮನ ಕಿವಿಗೆ ಬಿದ್ದರೆ ಹೊಟ್ಟೆ ಹಿಡಿದುಕೊಂಡು ನಕ್ಕಾಳು. ಸೇಡಂನ ಫೈನಲ್ ಪಂದ್ಯದಲ್ಲಿ ಅವಳ ಮಗನಿಗೆ ಐದನೇ ಫೌಲ್ ಕೊಟ್ಟು ಹೊರಗೆ ಕೂಡಿಸಿದವನು ನಾನು. ಆ ವರ್ಷ ಹಬ್ಬಕ್ಕೆ ಹೋದಾಗ ಬಾಗಿಲಲ್ಲೇ ನಿಲ್ಲಿಸಿ, “ಸೀಟಿ ಊದೋ ಮಾವಗ ನಮ್ಮ ಮನ್ಯಾಗ ಹೋಳಿಗಿ ಇಲ್ಲ ನೋಡಪಾ” ಎಂದಳು. ಖಾಲಿ ಹೊಟ್ಟೆಯಲ್ಲಿ ವಾಪಸು ಬಂದೆ. ಫೌಲ್ ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

ಹಾಗೆಂದು ನನಗೆ ಕರುಳೇ ಇಲ್ಲವೆಂದೂ ತಿಳಿಯಬೇಡಿ. ಕುಂಚಾವರಂ ಕಡೆಯ ಹುಡುಗರು ಒಮ್ಮೆ ಚಿಂಚೋಳಿಗೆ ಬರಿಗಾಲಿನಲ್ಲಿ ಆಡಲು ಬಂದರು. ಬೂಟಿಲ್ಲದವರನ್ನು ಅಂಗಣಕ್ಕೆ ಇಳಿಸಕೂಡದು ಎಂದು ತಮ್ಮದೇ ಸುತ್ತೋಲೆ ಇತ್ತು. ನಾನು ತಲೆ ಕೆರೆದುಕೊಳ್ಳುತ್ತ ನಿಂತಾಗ ಎದುರು ತಂಡದ ನಾಯಕ ಬಂದು, “ಸರ್, ನಾವೂ ಬೂಟ್ ಬಿಚ್ಚತೀವಿ, ಆಡಸ್ರಿ. ಇಷ್ಟು ದೂರ ಬಂದಾರ, ಹಂಗೇ ಹೊಳ್ಳಿ ಕಳಸ್ತೀರೇನು?” ಎಂದ. ಎರಡೂ ತಂಡ ಬರಿಗಾಲಲ್ಲಿ ಆಡಿದವು. ಆ ಬರಿಗಾಲಿನ ಹುಡುಗರು ಹೆಜ್ಜೆ ತಪ್ಪಿದಾಗಲೆಲ್ಲ ನಾನು ಸೀಟಿ ಊದಿದೆ, ಪಾಪ ಅಂತ ಒಂದನ್ನೂ ಬಿಡಲಿಲ್ಲ. ಆಡಲು ಬಿಡುವುದು ಕರುಣೆ, ಆಟದಲ್ಲಿ ಬಿಟ್ಟುಕೊಡುವುದು ಮೋಸ. ಇಷ್ಟು ವರ್ಷ ಇದನ್ನೇ ನಂಬಿ ಸೀಟಿ ಊದಿದ್ದೇನೆ.

ಈಗ ಸೈರನ್ನಿನ ವಿಷಯ. ಚಿತ್ತಾಪುರದ ಅಂಗಣದಲ್ಲಿ ಬೇವಿನ ಮರಕ್ಕೆ ಒಂದು ತುಂಡು ರೈಲು ಕಂಬಿ ಕಟ್ಟಿತ್ತು. ಅದು ಅಲ್ಲಿಗೆ ಹೇಗೆ ಬಂತೆಂದು ರೈಲ್ವೆ ನೌಕರನಾದ ನನ್ನನ್ನು ಕೇಳಬೇಡಿ. ಆಟಗಾರರ ಬದಲಾವಣೆ ಇದ್ದರೆ, ಹೊತ್ತು ಮುಗಿದರೆ, ಸಮಯ ನೋಡುವವರು ಅದಕ್ಕೆ ಸುತ್ತಿಗೆಯಿಂದ ಬಾರಿಸುತ್ತಿದ್ದರು. ಊರಿಗೆಲ್ಲ ಕೇಳಿಸುತ್ತಿತ್ತು. ಈ ವರ್ಷ ತಮಗೆ ಅದು ಹಳ್ಳಿಗಾಡಿನದೆನಿಸಿತು. ಕಲ್ಲು ಗಣಿಯ ಗುತ್ತಿಗೆದಾರರೊಬ್ಬರು ದಾನಿಗಳಾಗಿ ಒದಗಿದರು, ತಮ್ಮ ಗಣಿಯ, ಕೈಯಿಂದ ತಿರುಗಿಸುವ ಸೈರನ್ ಒಂದನ್ನು ಕೊಟ್ಟರು. ಅದಕ್ಕೆ ಕುಂಕುಮ ಹಚ್ಚಿ, ಅವರಿಗೆ ಶಾಲು ಹೊದಿಸಿ, ಇಬ್ಬರನ್ನೂ ಒಂದೇ ಮೇಜಿನ ಹಿಂದೆ ಕೂಡಿಸಿದಿರಿ. ಅದೇ ಸೈರನ್ ಗಣಿಯಲ್ಲಿ ಯಾವ ಕೆಲಸ ಮಾಡುತ್ತಿತ್ತು ಎಂದು ಶಾಲು ಹೊದಿಸಿದವರೂ ಕೇಳಲಿಲ್ಲ, ಹೊದ್ದುಕೊಂಡವರೂ ಹೇಳಲಿಲ್ಲ.

ತಮಗೆ ಗೊತ್ತಿಲ್ಲವೆಂದು ನಾನೇ ಹೇಳುತ್ತೇನೆ. ವಾಡಿಯಿಂದ ಚಿತ್ತಾಪುರಕ್ಕೆ ಹೋಗುವ ದಾರಿಯಲ್ಲಿ ಕಲ್ಲು ಗಣಿಗಳ ಬದಿಗೇ ಮನೆಗಳಿವೆ. ಮಧ್ಯಾಹ್ನ ಮದ್ದು ಸಿಡಿಸುವ ಮುಂಚೆ ಅಲ್ಲಿ ಸೈರನ್ ಕೂಗುತ್ತದೆ. ಕೂಗಿದ ಕೂಡಲೇ ಕೈಯಲ್ಲಿ ಏನಿದ್ದರೂ ಅಲ್ಲೇ ಬಿಟ್ಟು, ಹತ್ತಿರದ ಗೋಡೆಯ ಬುಡಕ್ಕೆ ಓಡಿ, ತಲೆಯ ಮೇಲೆ ಎರಡೂ ಕೈ ಇಟ್ಟು ಕೂರಬೇಕು. ಎರಡನೇ ಸಲ ಕೂಗುವ ತನಕ ಏಳುವ ಹಾಗಿಲ್ಲ. ರೊಟ್ಟಿ ಬಡಿಯುವವಳು ರೊಟ್ಟಿ ಬಿಡುತ್ತಾಳೆ, ಜಳಕ ಮಾಡುವವನು ತಂಬಿಗೆ ಬಿಡುತ್ತಾನೆ. ಅಲ್ಲಿಯ ಮಕ್ಕಳು ಅಕ್ಷರ ಕಲಿಯುವ ಮುಂಚೆ ಇದನ್ನು ಕಲಿಯುತ್ತಾರೆ. ನಮ್ಮ ಮನೆಗಳಿಗೆಲ್ಲ ಹಾಸಿರುವ ಫರಸಿ ಕಲ್ಲು ಹೀಗೇ ಬಂದದ್ದು ಸಾಹೇಬರೇ, ತಮ್ಮ ಕಚೇರಿಯ ನೆಲಕ್ಕೂ.

ಆ ಗಣಿ ಬದಿಯ ಶಾಲೆಯ ಹುಡುಗಿಯರು ಈ ಸಲ ಫೈನಲ್‌ಗೆ ಬಂದರು. ಅವರ ವ್ಯಾಯಾಮ ಟೀಚರು ಅಖ್ತರ ಬೇಗಂ, ನಾಯಕಿ ಅನಸುಬಾಯಿ. ಎದುರಿಗೆ ಸೇಡಂ ಕಡೆಯ ತಂಡ, ಅದರ ನಾಯಕಿ ಗುರುದೇವಿ. ಇಬ್ಬರೂ ಗಟ್ಟಿಗಿತ್ತಿಯರು. ಅನಸುಬಾಯಿಗೆ ಅಂದು ನಾನೇ ನಾಲ್ಕು ಫೌಲ್ ಕೊಟ್ಟಿದ್ದೆ, ನಾಲ್ಕೂ ಸರಿಯಾದ ಫೌಲ್‌ಗಳೇ. ಪ್ರತಿ ಸಲವೂ ನಾನು ತೋರಿಸುವ ಮುಂಚೆಯೇ ತಾನಾಗಿ ಕೈ ಎತ್ತಿದ ಹುಡುಗಿ ಅವಳು. ಇನ್ನೊಂದಾದರೆ ಹೊರಗೆ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಟ ಮುಗಿಯುವ ಹೊತ್ತು, ಅಂಕ ಸಮ ಸಮ. ಅನಸುಬಾಯಿ ಚೆಂಡು ಬಡಿಯುತ್ತ ಬುಟ್ಟಿಯ ಕಡೆ ನುಗ್ಗುತ್ತಿದ್ದಳು. ಮೇಜಿನ ಹಿಂದೆ ಶಾಲು ಹೊದ್ದು ಕುಳಿತಿದ್ದ ದಾನಿಗಳಿಗೆ ಬೇಸರ ಬಂತೋ, ಸಮಯ ನೋಡುವವರು ಅಭ್ಯಾಸಬಲದಿಂದ ಕಂಬಿಯನ್ನೇ ಬಾರಿಸುತ್ತಿದ್ದುದರಿಂದ ತಮ್ಮ ದಾನ ಇನ್ನೂ ಕೂಗಲಿಲ್ಲವಲ್ಲ ಎಂದು ಸಂಕಟವಾಯಿತೋ, ಹ್ಯಾಂಡಲ್ ಹಿಡಿದು ತಿರುಗಿಸಿಯೇಬಿಟ್ಟರು. ಚೆಂಡು ಆಟದಲ್ಲಿರುವಾಗ ಮೇಜಿನವರು ಸದ್ದು ಮಾಡಕೂಡದು ಎಂಬುದು ಮೊದಲ ಪಾಠ. ಆ ಪಾಠ ಶಾಲಿನ ಕೆಳಗೆ ಹೋಯಿತು.

ಅನಸುಬಾಯಿ ಚೆಂಡು ಕೈಬಿಟ್ಟಳು. ಬುಟ್ಟಿ ಎದುರಿಗೇ ಇತ್ತು, ನೋಡಲಿಲ್ಲ. ತಿರುಗಿ ಓಡಿದಳು. ಅವಳ ಜೊತೆಯ ನಾಲ್ವರೂ ಓಡಿದರು. ಐದು ಹುಡುಗಿಯರೂ ಶಾಲೆಯ ಗೋಡೆಯ ಬುಡದಲ್ಲಿ ಸಾಲಾಗಿ ಕುಕ್ಕರಗಾಲಲ್ಲಿ ಕುಳಿತು ತಲೆ ಮುಚ್ಚಿಕೊಂಡರು. ಜನ ಹೋ ಎಂದು ನಕ್ಕರು. ಕಾರ್ಯದರ್ಶಿ ಸಾಹೇಬರೇ, ಆ ನಗುವಿನಲ್ಲಿ ತಮ್ಮದೂ ಇತ್ತು, ನಾನು ನೋಡಿದ್ದೇನೆ. ಗುರುದೇವಿ ಉರುಳಿದ ಚೆಂಡನ್ನು ಎತ್ತಿಕೊಂಡು ಒಬ್ಬಳೇ ಇನ್ನೊಂದು ಬುಟ್ಟಿಯ ಕಡೆ ಹೊರಟಳು. ಅವಳು ಎಸೆಯುವ ಮುಂಚೆ ನಾನು ಸೀಟಿ ಊದಿದೆ. ಆಟ ನಿಲ್ಲಿಸಿದೆ.

ಗೋಡೆಯ ಹತ್ತಿರ ಹೋಗಿ, “ಏಳ್ರಿ ಮಕ್ಕಳ್ರಾ, ಏನೂ ಆಗಿಲ್ಲ” ಎಂದೆ. ಒಬ್ಬಳೂ ಏಳಲಿಲ್ಲ. ಅಖ್ತರ ಬೇಗಂ ಓಡುತ್ತ ಬಂದು ನನ್ನ ತೋಳು ಹಿಡಿದರು. “ಅರೇ ಕಾಶಪ್ಪ ಸಾಬ್, ಹಂಗ ಕರದ್ರ ಅವ್ರು ಏಳಂಗಿಲ್ರಿ. ಎರಡನೇ ಕೂಗು ಆಗ್ಬೇಕು. ಹೋಗ್ರಿ, ಜಲ್ದಿ ಕೂಗಸ್ರಿ, ಹುಡುಗೇರು ನಡಗಲಿಕತ್ತಾರ” ಎಂದರು. ನಾನು ಮೇಜಿಗೆ ಬಂದು ದಾನಿಗಳನ್ನು ಕೇಳಿಕೊಂಡೆ. ಅವರು, “ಏ ಹೋಗ್ರಿ, ನಾಟಕ ಹಚ್ಯಾರ” ಎಂದರು. ಆಗ ಸೈರನ್ನನ್ನು ನನ್ನ ಕಡೆ ಎಳೆದುಕೊಂಡು ನಾನೇ ಹ್ಯಾಂಡಲ್ ತಿರುಗಿಸಿದೆ. ಅದು ಕೂಗಿತು. ಐವರೂ ಎದ್ದರು, ಲಂಗ ಜಾಡಿಸಿಕೊಂಡರು, ತಮ್ಮ ತಮ್ಮ ಜಾಗಕ್ಕೆ ಬಂದು ನಿಂತರು. ಯಾರೂ ಅಳಲಿಲ್ಲ, ಅವರಿಗೆ ಅದು ದಿನದ ಕೆಲಸ. ನಾನು ಕಣ್ಣೊರೆಸಿಕೊಳ್ಳಲು ಮರದ ಹಿಂದೆ ಹೋಗಬೇಕಾಯಿತು.

‘ಸಮಯಪಾಲಕರ ಉಪಕರಣವನ್ನು ರೆಫರಿಯು ಅನಧಿಕೃತವಾಗಿ ಚಲಾಯಿಸಿದ್ದು’ ಎಂದು ನೋಟೀಸಿನಲ್ಲಿ ಇದೇ ಮೊದಲ ಆರೋಪ. ಒಪ್ಪಿಕೊಂಡೆ. ಶಾಲು ಹೊದ್ದವರು ಚಲಾಯಿಸಿದ್ದು ಮಾತ್ರ ಅಧಿಕೃತವೇ?

ಗುರುದೇವಿ ಸಿಟ್ಟಿಗೆದ್ದಿದ್ದಳು, ಅದನ್ನೂ ಮುಚ್ಚಿಡುವುದಿಲ್ಲ. “ಸರ್, ಚೆಂಡು ಬಿಟ್ಟು ಓಡಿದಾಕಿ ಅಕಿ. ನಾ ಏನು ತಪ್ಪು ಮಾಡೀನ್ರಿ? ಇದು ಅನ್ಯಾಯ ಅದ” ಎಂದಳು. ಆ ಹುಡುಗಿಯ ಮಾತಿನಲ್ಲಿ ಹುರುಳಿತ್ತು. ಒಬ್ಬರಿಗೆ ತೋರಿದ ಕರುಣೆಯ ಬೆಲೆಯನ್ನು ಎದುರಿನವರು ಕೊಡಬೇಕಾಗುತ್ತದೆ, ರೆಫರಿಯಾದವನ ನಿಜವಾದ ಕಷ್ಟ ಅದೇ. ತಮ್ಮ ನೋಟೀಸಿನಲ್ಲಿ ಈ ಒಂದು ಪ್ರಶ್ನೆ ಇದ್ದಿದ್ದರೆ ನಾನು ಕೈಮುಗಿಯುತ್ತಿದ್ದೆ. ನಾನು ಅವಳಿಗೆ ಹೇಳಿದೆ: “ತಪ್ಪು ನಿಂದಲ್ಲವ್ವ. ಆದ್ರ ಆ ಚೆಂಡು ನೀ ಕಸ್ಕೊಂಡಿದ್ದಲ್ಲ, ಸೈರನ್ ಕಸ್ಕೊಂಡು ನಿನ್ನ ಕೈಯಾಗ ಕೊಟ್ಟದ.” ಗಣಿಯ ಸಂಗತಿಯನ್ನೂ ಎರಡು ಮಾತಿನಲ್ಲಿ ತಿಳಿಸಿದೆ. ಅವಳು ಗೋಡೆಯ ಕಡೆ ನೋಡಿದಳು, ಮೇಜಿನ ಕಡೆ ನೋಡಿದಳು. “ಹಂಗಾದ್ರ ಆ ಸೈರನ್ನಿಗಿ ಫೌಲ್ ಕೊಡ್ರಿ ಸರ್” ಎಂದು ಚೆಂಡನ್ನು ನನ್ನ ಕೈಗಿಟ್ಟಳು. ನಾನು ಚೆಂಡನ್ನು ಪಕ್ಕದ ಗೆರೆಯಿಂದ ಅನಸುಬಾಯಿಯ ತಂಡಕ್ಕೇ ಕೊಟ್ಟು ಆಟ ಮುಂದುವರಿಸಿದೆ. ಅವರು ಒಂದು ಬುಟ್ಟಿಯ ಅಂತರದಲ್ಲಿ ಗೆದ್ದರು. ಸೇಡಂನವರು ಕೈಕುಲುಕಿ ಬಸ್ಸು ಹತ್ತಿದರು, ದೂರು ಕೊಡಲಿಲ್ಲ. ದೂರು ಕೊಟ್ಟವರು ದಾನಿಗಳು. ತಮ್ಮ ಸೈರನ್ನಿಗೆ ಸಾರ್ವಜನಿಕವಾಗಿ ಅವಮಾನವಾಯಿತಂತೆ.

ಆ ದೂರಿನ ಮೇಲೆ ತಾವು ಫಲಿತಾಂಶ ರದ್ದು ಮಾಡಿದಿರಿ. ಅಂಗಣ ಬಿಟ್ಟು ಹೋದದ್ದು ತಾಂತ್ರಿಕ ಫೌಲ್, ಅದು ಅವಳ ಐದನೆಯದು, ಅವಳನ್ನು ಹೊರಹಾಕಬೇಕಿತ್ತು ಎಂದು ಬರೆದಿರಿ. ನಿಯಮದ ಪುಸ್ತಕ ನನ್ನ ಬಳಿಯೂ ಇದೆ ಸಾಹೇಬರೇ, ತಮ್ಮದಕ್ಕಿಂತ ಹೆಚ್ಚು ಹರಿದಿದೆ. ಅನುಚಿತ ಲಾಭಕ್ಕಾಗಿ ಅಂಗಣ ಬಿಟ್ಟರೆ ಫೌಲ್ ಎಂದು ಅದರ ಅರ್ಥ. ಗೆಲ್ಲುವ ಚೆಂಡನ್ನು ಕೈಯಾರೆ ಬಿಟ್ಟು, ನಗುವ ಜನಕ್ಕೆ ಬೆನ್ನು ಮಾಡಿ ಗೋಡೆಗೆ ತಲೆ ಕೊಟ್ಟು ಕುಳಿತವಳಿಗೆ ಯಾವ ಲಾಭ ಕಂಡಿತು ತಮಗೆ? ನಿಯಮದಲ್ಲಿ ಹೇಳದ ಸಂಗತಿ ಎದುರಾದರೆ ರೆಫರಿ ತನ್ನ ವಿವೇಚನೆಯಿಂದ ತೀರ್ಮಾನಿಸಲಿ ಎಂದೂ ಅದೇ ಪುಸ್ತಕ ಹೇಳುತ್ತದೆ. ಆ ಪುಟ ತಮ್ಮ ಪ್ರತಿಯಲ್ಲಿ ಬಿಟ್ಟುಹೋಗಿದೆಯೇನು? ನಿಯಮ ಮಾಡಿದವರಿಗೆ ನಮ್ಮ ಗಣಿ ಗೊತ್ತಿರಲಿಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ. ತಾವು ಈ ಜಿಲ್ಲೆಯಲ್ಲೇ ಇದ್ದೀರಿ.

ಬರುವ ಭಾನುವಾರ ಮರುಪಂದ್ಯ. ಅದೇ ಅಂಗಣ, ಅದೇ ಸೈರನ್. ಬೇರೆ ಯಾರೂ ಪುಕ್ಕಟೆ ಬರುವುದಿಲ್ಲವಾದ್ದರಿಂದ, ಕಠಿಣ ಎಚ್ಚರಿಕೆ ಕೊಟ್ಟು ರೆಫರಿಯಾಗಿ ನನ್ನನ್ನೇ ನೇಮಿಸಿದ್ದೀರಿ. ಹುಡುಗಿಯರಿಗೆ ಮುಚ್ಚಳಿಕೆ. ನಾಲ್ವರು ಸಹಿ ಮಾಡಿದರು. ಅನಸುಬಾಯಿ ಮಾಡಲಿಲ್ಲ. ಆಯ್ಕೆಯಾದವರಿಗೆ ಗುಲಬರ್ಗಾದ ಹಾಸ್ಟೆಲಿನಲ್ಲಿ ಜಾಗ ಸಿಗುತ್ತದೆ, ಮುಂದೆ ಓದಬಹುದು. ಆಯ್ಕೆಯಾಗದಿದ್ದರೆ ಅವಳು ಹತ್ತನೆಯ ಇಯತ್ತೆ ಮುಗಿಸಿ ತಾಯಿಯ ಜೊತೆ ಲಾರಿಗೆ ಕಲ್ಲು ಹೇರಬೇಕು. ನಡುವೆ ಇನ್ನೊಂದು ದಾರಿ ಇಲ್ಲ. ಅದಕ್ಕೇ ನಾನು ಸೋತು, ಒಂದು ಕಾಗದ ತಾನೇ, ಸಹಿ ಮಾಡಿಸಿಬಿಡೋಣ ಎಂದುಕೊಂಡು ಮೊನ್ನೆ ಅವರ ಮನೆಗೆ ಹೋದೆ.

ತಾಯಿ ಸಾಬಮ್ಮ, “ಬರ್ರಿ ಸಾಹೇಬ್ರ, ಕುಂದ್ರಿ” ಎಂದು ಕಟ್ಟೆಯ ಮೇಲೆ ಗೋಣಿ ಹಾಸಿದಳು. ನಾನು ಬಂದ ವಿಷಯ ಹೇಳಿದೆ.

“ಸಹಿ ಮಾಡ್ಬೇಕಂತ್ಲೇ ಅಕಿ ಕಲೀಲಿಕತ್ತಿದ್ಳ್ರಿ” ಎಂದಳು.

“ಏನು ಕಲೀಲಿಕತ್ತಿದ್ಳು?”

“ನಿಂದ್ರದು.”

ನನಗೆ ತಿಳಿಯಲಿಲ್ಲ. ಸಾಬಮ್ಮ ಅಂಗಳದ ನಡುವೆ ಕೈ ಮಾಡಿ ತೋರಿಸಿದಳು. “ಅಲ್ಲಿ ನೋಡ್ರಿ, ಅಲ್ಲಿ ನಿಂತಿದ್ಳು. ಸೈರನ್ ಕೂಗೇದ, ಓಣಿ ಮಂದಿ ಎಲ್ಲಾ ಗ್ವಾಡಿ ಬುಡಕ್ಕ ಕುಂತಾರ. ಈಕಿ ಬಯಲಾಗ, ಎದಿಗಿ ಚೆಂಡು ಅವಚಿಕೊಂಡು, ಕಣ್ಣು ಮುಚ್ಚಿಕೊಂಡು ನಿಂತಾಳ. ಓಡಬಾರದು, ಓಡಬಾರದು ಅಂತ ಬಾಯಾಗ ಅನ್ನಲಿಕತ್ತಾಳ್ರಿ. ನಾ ಓಡಿ ಹೋಗಿ ಜಡಿ ಹಿಡದು ಎಳಕೊಂಡು ಬಂದೆ. ಬಾಜೂ ಮನಿ ತಗಡಿನ ಮ್ಯಾಲ ಇಷ್ಟು ದಪ್ಪ ಕಲ್ಲು ಬಿತ್ತು. ಭಾಳ ಹೊಡದೀನ್ರಿ ಅಕಿಗಿ. ಕೈ ಸೋಲೋ ತನಕ ಹೊಡದೀನಿ.”

ಅನಸುಬಾಯಿ ಬಾಗಿಲ ಹಿಂದೆ ನಿಂತಿದ್ದಳು. ಕೆನ್ನೆಯ ಬಾವು ಇನ್ನೂ ಇಳಿದಿರಲಿಲ್ಲ. “ಸರ್, ಸಹಿ ಮಾಡಿ ಮತ್ತ ಓಡಿದ್ರ ಸುಳ್ಳ ಆಗ್ತದಲ್ರಿ. ಅದಕ್ಕ ಮೊದಲು ಕಲ್ತು ಆಮ್ಯಾಲ ಮಾಡ್ಬೇಕಂದೆ” ಎಂದಳು. ಫೌಲ್ ಆದಾಗ ತಾನಾಗಿ ಕೈ ಎತ್ತುವ ಹುಡುಗಿ ಎಂದು ಆಗಲೇ ಹೇಳಿದೆನಲ್ಲ. ಮಿಕ್ಕ ನಾಲ್ವರು ಕಾಗದಕ್ಕೆ ಸಹಿ ಹಾಕಿ ಸುಮ್ಮನಾದರು. ಸಾಹೇಬರೇ, ತಮ್ಮ ಸಮಿತಿಯ ಮಾತನ್ನು ನಿಜವೆಂದು ನಂಬಿದವಳು ಇವಳೊಬ್ಬಳೇ. ಅದಕ್ಕೆ ಸಾಯಲು ಹೊರಟಿದ್ದಳು.

ಇವಳ ತಂದೆ ಧರ್ಮಣ್ಣ ಅದೇ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದ. ಅವನ ಬಗ್ಗೆ ನಾನು ಕೇಳಲಿಲ್ಲ, ಸಾಬಮ್ಮ ತಾನಾಗಿ ಹೇಳಿದಳು. “ಅವರೂ ಓಡಿ ಬಂದಿದ್ರು ಸಾಹೇಬ್ರ. ಗ್ವಾಡಿ ತನಕ ಬಂದಿದ್ರು. ಸುತ್ತಿಗಿ ಅಲ್ಲೇ ಉಳೀತು ಅಂತ ಹೊಳ್ಳಿ ಹೋದ್ರು. ಹೊಸಾದಿತ್ತು ಸುತ್ತಿಗಿ. ಅವತ್ತಿಂದ ನನ್ನ ಮಗಳಿಗಿ ನಾ ಕಲಿಸಿದ್ದು ಒಂದೇ. ಕೈಯಾಗಿಂದು ಬಿಡು, ಓಡು, ಹೊಳ್ಳಿ ನೋಡಬ್ಯಾಡ. ಅದನ್ನ ಮರೀ ಅಂತೀರಿ ನೀವು. ಹಾಸ್ಟೆಲ್ ನನಗೂ ಬೇಕ್ರಿ, ಅಕಿ ಕಲ್ಲು ಹೊರೋದು ಬ್ಯಾಡ ಅಂತ ನನಗೂ ಅದ. ಆದ್ರ ಹಾಸ್ಟೆಲ್ಲಿಗಿ ಹೋಗೋ ತನಕ ಅಕಿ ಇಲ್ಲೇ ಇರಬೇಕಲ್ರಿ, ಈ ಅಂಗಳದಾಗ.” ಆಕೆ ಕೊಟ್ಟ ಚಹ ಕುಡಿದು ಬಂದೆ.

ಸಾಹೇಬರೇ, ದಣಿದಿದ್ದೇನೆ. ಕೂಗಾಡುವ ಶಕ್ತಿ ಉಳಿದಿಲ್ಲ. ನನಗೆ ಬೇಕಾದದ್ದು ದೊಡ್ಡದೇನಲ್ಲ. ಆ ರೈಲು ಕಂಬಿ ಇನ್ನೂ ಬೇವಿನ ಮರದಲ್ಲೇ ತೂಗುತ್ತಿದೆ, ಭಾನುವಾರ ಅದನ್ನೇ ಬಾರಿಸಿ. ಸೈರನ್ನನ್ನು ಅದರ ಶಾಲಿನ ಸಮೇತ ದಾನಿಗಳಿಗೆ ಒಪ್ಪಿಸಿ. ಮುಚ್ಚಳಿಕೆಗಳನ್ನು, ಆ ನಾಲ್ವರದನ್ನೂ ಸೇರಿಸಿ, ಹರಿದುಹಾಕಿ, ಹರಿದಿದ್ದೇವೆ ಎಂದು ಅಖ್ತರ ಬೇಗಂ ಅವರಿಗೆ ತಿಳಿಸಿ. ಅನಸುಬಾಯಿ ಆಡಲಿ. ಚೆನ್ನಾಗಿ ಆಡಿದರೆ ಆಯ್ಕೆಯಾಗಲಿ, ಕೆಟ್ಟದಾಗಿ ಆಡಿದರೆ ಬಿಡಲಿ. ಅವಳು ಐದು ಫೌಲ್ ಮಾಡಿದರೆ ನಾನೇ ಹೊರಗೆ ಕೂಡಿಸುತ್ತೇನೆ, ಮಾತು ಕೊಡುತ್ತೇನೆ. ಅಂಗಣದಲ್ಲಿ ಅವಳಿಗೆ ನನ್ನ ಕರುಣೆ ಬೇಕಿಲ್ಲ. ಆಟವನ್ನೂ ಪ್ರಾಣವನ್ನೂ ಎದುರುಬದುರು ಇಟ್ಟು ಆರಿಸಿಕೋ ಎನ್ನಬೇಡಿ, ಅಷ್ಟೇ.

ಇಷ್ಟಾದರೂ ಭಾನುವಾರ ಆ ಮೇಜಿನ ಮೇಲೆ ಸೈರನ್ ಇದ್ದರೆ, ಅದು ಕೂಗಿದರೆ, ಸಾಬಮ್ಮ ಕಲಿಸಿದ ಪಾಠವನ್ನು ನಾನೂ ಪಾಲಿಸುತ್ತೇನೆ. ಕೈಯಲ್ಲಿರುವ ಸೀಟಿಯನ್ನು ಅಂಗಣದ ನಡುವೆಯೇ ಬಿಟ್ಟು, ಆ ಹುಡುಗಿಯರ ಸಾಲಿನಲ್ಲಿ ಗೋಡೆಯ ಬುಡಕ್ಕೆ ಹೋಗಿ, ತಲೆಯ ಮೇಲೆ ಕೈ ಇಟ್ಟು ಕೂರುತ್ತೇನೆ. ತಮ್ಮ ಜನ ನಗಲಿ. ಎರಡನೇ ಸಲ ಕೂಗಿಸಿದರೆ ಹುಡುಗಿಯರು ಎದ್ದು ಬಂದಾರು. ನಾನು ಬರುವುದಿಲ್ಲ. ನನ್ನ ಸೀಟಿಯೂ ಹೊಸದೇ. ಅದಕ್ಕಾಗಿ ಹೊಳ್ಳಿ ಹೋಗುವುದಿಲ್ಲ.

ಇಂತಿ,
ಸೈರನ್ ಕೂಗಿದರೆ ಓಡುವುದಿಲ್ಲವೆಂದು ಯಾರಿಗೂ ಬರೆದುಕೊಡದ
ಕಾಶಪ್ಪ, ಟಿಕೆಟ್ ಬಾಬು, ವಾಡಿ
(ಭಾನುವಾರದ ತನಕ ರೆಫರಿ)